ಇಳಿಯುವವರಿಲ್ಲದ ಊರು

ಅವಳನ್ನು ಎಲ್ಲರೂ ಹಗ್ಗದಕ್ಕ ಎನ್ನುತ್ತಿದ್ದರು. ಒಳಚರಂಡಿಯ ಗುಂಡಿಗೆ ಇಳಿಯುವವರು ಗಂಡಸರು. ಮೇಲೆ ನಿಂತು ಹಗ್ಗ ಹಿಡಿಯುವವಳು ಅವಳು. ಹನ್ನೆರಡನೇ ವಯಸ್ಸಿಗೆ ಅಪ್ಪನ ಹಗ್ಗ ಹಿಡಿದಳು. ಆಮೇಲೆ ಗಂಡನದು. ಈಗ ತಮ್ಮನದು. ಅಪ್ಪ ಕೆಮ್ಮಿ ಕೆಮ್ಮಿ ಹೋದ. ಗಂಡ ಕುಡಿದು ಕುಡಿದು ಹೋದ. ಗುಂಡಿಯೊಳಗೆ ಮಾತ್ರ ಒಬ್ಬನ ಜೀವವೂ ಹೋಗಿಲ್ಲ. ಅಷ್ಟರ ಮಟ್ಟಿಗೆ ಅವಳ ಕೈ ಗಟ್ಟಿ.

ಒಂದು ಸಲ ಎಳೆದರೆ ಬಕೆಟ್ಟು ತೆಗೆ. ಎರಡು ಸಲ ಎಳೆದರೆ ಸಡಿಲ ಬಿಡು. ಮೂರು ಸಲ ಎಳೆದರೆ ನನ್ನನ್ನು ಎತ್ತು. ಎಳೆತವೇ ನಿಂತರೆ ಏನೂ ಕೇಳಬೇಡ, ಎತ್ತು. ಇಷ್ಟೇ ಭಾಷೆ. ಊರಿನ ಮಲವೆಲ್ಲ ಈ ಭಾಷೆಯ ಮೇಲೆ ಹರಿಯುತ್ತಿತ್ತು. ಅವಳ ಅಂಗೈಯ ಗೆರೆಗಳು ಯಾವತ್ತೋ ಸವೆದುಹೋಗಿದ್ದವು. "ಭವಿಷ್ಯ ಹೇಳೋನಿಗೆ ಇವಳ ಕೈ ತೋರಿಸಿದ್ರೆ ಅವನೇ ಎದ್ದು ಓಡ್ತಾನೆ" ಎಂದು ಅವ್ವ ನಗುತ್ತಿದ್ದಳು.

ಹೊಸಬರ ಕೂಟದವರು ಅವಳ ಓಣಿಗೆ ಬಂದದ್ದು ನಗರಸಭೆಯ ಚುನಾವಣೆಗೆ ಎರಡು ತಿಂಗಳಿದ್ದಾಗ. ಮಕ್ಕಳ ಡಾಕ್ಟರು, ಕಾಲೇಜಿನ ಮೇಡಮ್ಮು, ಲೆಕ್ಕ ತಪಾಸಣೆಯ ಒಬ್ಬರು. ಒಳ್ಳೆಯ ಜನ. ಅದೇ ತೊಂದರೆ. ಊರು ಕೆಟ್ಟು ಕೆರ ಹಿಡಿದಿದೆ, ಹಳೆಯ ಅಧ್ಯಕ್ಷರು ಇಪ್ಪತ್ತು ವರ್ಷದಿಂದ ತಿಂದು ತೇಗಿದ್ದಾರೆ, ಇನ್ನು ಸಾಕು ಎಂದರು. ಡಾಕ್ಟರು ಅವಳ ಮನೆಯ ಹೊಸ್ತಿಲ ಮೇಲೆ ಕೂತು ಹೇಳಿದರು:

"ನೋಡಮ್ಮ, ನಾವು ಯಾರೂ ರಾಜಕೀಯದವರಲ್ಲ. ನಾವೂ ಹೊರಗಿನವರೇ. ನಿಮ್ಮ ಹಾಗೇ."

ಅವರು ಹೋದ ಮೇಲೆ ಅವ್ವ ಕೇಳಿದಳು, "ಇವರು ಯಾವ ಬಾಗಿಲ ಹೊರಗೆ ನಿಂತಿದ್ರಂತೆ?"

ಆದರೂ ಹಗ್ಗದಕ್ಕ ಅವರ ಕಡೆಯಿಂದ ಚುನಾವಣೆಗೆ ನಿಲ್ಲಲು ಒಪ್ಪಿದಳು. ಡಾಕ್ಟರು ಅವಳ ಮೊಮ್ಮಗಳ ಉಬ್ಬಸಕ್ಕೆ ಔಷಧಿ ಕೊಟ್ಟವರು. ಮಗುವನ್ನು ಮುಟ್ಟಿ ನೋಡಿದವರು. ಅದಕ್ಕಿಂತ ಹೆಚ್ಚಾಗಿ, ವೇದಿಕೆ ಮೇಲೆ ನಿಂತು ಮೈಕಿನಲ್ಲಿ ಆಣೆ ಮಾಡಿದವರು: "ನಾವು ಗೆದ್ದರೆ ಈ ಊರಲ್ಲಿ ಒಬ್ಬ ಮನುಷ್ಯನೂ ಗುಂಡಿಗೆ ಇಳಿಯಲ್ಲ."

ಗೆದ್ದರು. ಡಾಕ್ಟರು ಅಧ್ಯಕ್ಷರಾದರು. ಹಗ್ಗದಕ್ಕ ಸದಸ್ಯೆಯಾದಳು.

ಮೊದಲ ಸಭೆಗೆ ಅವಳು ಮೂರು ಸಲ ಸ್ನಾನ ಮಾಡಿ ಹೋದಳು. ತಿಕ್ಕಿ ತಿಕ್ಕಿ ಮೊಣಕೈ ಉರಿಯುತ್ತಿತ್ತು. ಅವಳಿಗೆ ಕೊಟ್ಟ ಕುರ್ಚಿ ಹಿಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ. ಹಳೆಯ ಪಕ್ಷದವನೊಬ್ಬ ಮೂಗಿಗೆ ಕರವಸ್ತ್ರ ಹಿಡಿದ. ಅದು ನಿರೀಕ್ಷಿಸಿದ್ದೇ. ಕಾಲೇಜಿನ ಮೇಡಮ್ಮು ಅವನಿಗೆ ಜೋರಾಗಿ ಛೀಮಾರಿ ಹಾಕಿದರು. ಆಮೇಲೆ ಹೊರಗೆ ಕರೆದುಕೊಂಡು ಹೋಗಿ ಅವಳ ಕೈಗೆ ಒಂದು ಪೊಟ್ಟಣ ಕೊಟ್ಟರು. ಪರಿಮಳದ ಸೋಪು. "ತಪ್ಪು ತಿಳ್ಕೋಬೇಡಿ, ಪ್ರೀತಿಯಿಂದ ಕೊಡ್ತಿದೀನಿ" ಎಂದರು. ಕರವಸ್ತ್ರಕ್ಕೆ ಉತ್ತರ ಕೊಡಬಹುದಿತ್ತು. ಸೋಪಿಗೆ ಏನು ಉತ್ತರ ಕೊಡುವುದು?

ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಕಟ್ಟಿದವನು ಕೆಸರು ನೋಡಿದ್ದ. ಗುಂಡಿ ನೋಡಿರಲಿಲ್ಲ.

ಡಾಕ್ಟರು ಸುಮ್ಮನೆ ಕೂರುವ ಪೈಕಿಯಲ್ಲ. ಬೆಳಿಗ್ಗೆ ಏಳಕ್ಕೆ ಕಚೇರಿ. ಯಾರ ಹತ್ತಿರವೂ ಒಂದು ಲೋಟ ಚಹಾ ಕೂಡ ಕುಡಿಯಲಿಲ್ಲ. ಕಡತಗಳನ್ನು ತಾವೇ ಓದಿದರು. ಒಂದು ಕಡತ ತೆಗೆದರೆ ಅದರ ಬಾಲ ಹಿಡಿದು ಹತ್ತು ಕಡತ ಹೊರಗೆ ಬಂದವು. ಗುತ್ತಿಗೆದಾರರು ಕೋರ್ಟಿಗೆ ಹೋದರು. ಎಂಜಿನಿಯರುಗಳು ರಜೆ ಹಾಕಿದರು. ಬೇರೆ ಊರುಗಳಲ್ಲಿ ಮೂವರು ಅಧ್ಯಕ್ಷರನ್ನು ಅರೆದು ಕುಡಿದಿದ್ದ ಕಮಿಷನರ್ ಮಾತ್ರ ಎಲ್ಲದಕ್ಕೂ "ಆಗ್ಲಿ ಸರ್" ಎನ್ನುತ್ತಿದ್ದ. ಆಗುತ್ತಿರಲಿಲ್ಲ.

"ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ" ಎಂದಳು ಅವ್ವ.

"ಸುಮ್ನಿರವ್ವ. ಪಾಪ, ಮನುಷ್ಯ ನಿದ್ದೆ ಮಾಡಲ್ಲ" ಎಂದಳು ಹಗ್ಗದಕ್ಕ. ಅವಳಿಗೆ ನಿಜಕ್ಕೂ ಪಾಪ ಅನಿಸಿತ್ತು.

ಆರನೇ ತಿಂಗಳಿಗೆ ಮೂರು ಯಂತ್ರ ಬಂದವು. ಆನೆಯಂಥ ಲಾರಿ, ಸೊಂಡಿಲಿನಂಥ ಪೈಪು. ಪಟ್ಟಣದ ಅತಿ ಅಗಲದ ರಸ್ತೆಯಲ್ಲಿ ನಿಲ್ಲಿಸಿ ಪ್ರದರ್ಶನ ಮಾಡಿದರು. ಸೊಂಡಿಲು ಗುಂಡಿಗೆ ಇಳಿಯಿತು, ಹೂಳು ಹೀರಿತು. ಜನ ಚಪ್ಪಾಳೆ ತಟ್ಟಿದರು. ಹಗ್ಗದಕ್ಕನ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು ಲಾರಿಯ ಅಗಲವನ್ನು ಹೆಜ್ಜೆ ಹಾಕಿ ಅಳೆದಳು.

"ಡಾಕ್ಟ್ರೇ, ಇದು ನಮ್ಮ ಓಣಿಗೆ ಬರಲ್ಲ. ಗುಂಡಿ ಇರೋದೆಲ್ಲ ಸಂದಿಯಲ್ಲಿ. ಎರಡು ಮಾರು ಅಗಲ ಇಲ್ಲ. ಇದು ತಿರುಗೋಕೆ ಮನೆ ಬೀಳಿಸ್ಬೇಕು."

"ಒಳ್ಳೇ ಪಾಯಿಂಟ್" ಎಂದರು ಡಾಕ್ಟರು. "ಬರ್ಕೊಳ್ಳಿ" ಎಂದು ಕಮಿಷನರಿಗೆ ಹೇಳಿದರು. ಕಮಿಷನರ್ ಬರೆದುಕೊಂಡ. ಅವನು ಬರೆದುಕೊಳ್ಳದೆ ಬಿಟ್ಟ ಮಾತೇ ಇರಲಿಲ್ಲ.

ಯಂತ್ರಗಳು ಅಗಲದ ರಸ್ತೆಗಳಲ್ಲಿ ಓಡಾಡಿದವು. ಸಂದಿಗಳಿಗೆ ಮೊದಲಿನಂತೆ ಮೇಸ್ತ್ರಿ ಬರುತ್ತಿದ್ದ. ಬೆಳಿಗ್ಗೆ ಬಂದು ಬಾಯಿಮಾತಿನಲ್ಲಿ ಕರೆಯುತ್ತಿದ್ದ. ಓಣಿಯ ಹನ್ನೆರಡು ಜನ ಮೊದಲಿನಂತೆ ಇಳಿಯುತ್ತಿದ್ದರು. ಒಂದೇ ವ್ಯತ್ಯಾಸ. ಮೊದಲು ವರ್ಷಕ್ಕೊಂದು ಹಗ್ಗ, ಎರಡು ಜೊತೆ ಬೂಟು, ತಿಂಗಳಿಗೆ ಸೋಪು, ಎಣ್ಣೆ ಸಿಗುತ್ತಿತ್ತು. ಹಳೆಯ ಅಧ್ಯಕ್ಷ ಕಳ್ಳ. ಹಗ್ಗದಲ್ಲೂ ತಿನ್ನುತ್ತಿದ್ದ. ತಿನ್ನುವುದಕ್ಕಾದರೂ ಹಗ್ಗ ಕೊಳ್ಳಬೇಕಿತ್ತಲ್ಲ, ಕೊಳ್ಳುತ್ತಿದ್ದ. ಹೊಸಬರು ಪ್ರಾಮಾಣಿಕರು. ಯಾರೂ ಇಳಿಯದ ಊರಲ್ಲಿ ಹಗ್ಗ ಏಕೆ ಎಂದು ಕೇಳಿದರು. ಹಗ್ಗ ನಿಂತಿತು.

ಹಗ್ಗದಕ್ಕನ ತಮ್ಮ ನಗರಸಭೆಯ ದಾಸ್ತಾನು ಕೋಣೆಗೆ ಹೋಗಿ ಕೇಳಿದ. ಗುಮಾಸ್ತ ತಲೆ ಎತ್ತಲಿಲ್ಲ.

"ಇಳಿಯೋರೇ ಇಲ್ಲ ಅಂದ್ಮೇಲೆ ಹಗ್ಗ ಯಾರಿಗಯ್ಯಾ?"

"ನನಗೆ ಸ್ವಾಮಿ. ನಿನ್ನೆ ಇಳಿದಿದ್ದೆ."

"ಹಾಗಂತ ಜೋರಾಗಿ ಹೇಳ್ಬೇಡ. ಅದು ಅಪರಾಧ. ನಿನ್ನನ್ನ ಇಳಿಸಿದವರಿಗೆ ಜೈಲು."

"ಹಾಗಾದ್ರೆ ಹಾಕಿ."

"ನೀನು ಇಳಿದೇ ಇಲ್ವಲ್ಲೋ, ಯಾರನ್ನ ಹಾಕೋದು?"

ತಮ್ಮ ಮನೆಗೆ ಬಂದು ಇದನ್ನು ಹೇಳಿ ಹೊಟ್ಟೆ ಹಿಡಿದು ನಕ್ಕ. ಅವನ ಹೆಂಡತಿ ನಗಲಿಲ್ಲ. ಹಳೆಯ ಹಗ್ಗದ ನಡುವೆ ಎಳೆ ಬಿಟ್ಟ ಜಾಗಕ್ಕೆ ಬಟ್ಟೆ ಸುತ್ತಿ ಸೂಜಿ ಹಾಕುತ್ತಾ ಕೂತಳು.

ಹಗ್ಗದಕ್ಕ ಸಭೆಯಲ್ಲಿ ನಾಲ್ಕು ಸಲ ಎದ್ದು ನಿಂತಳು. ಮೊದಲ ಸಲ ಡಾಕ್ಟರು ಆಲಿಸಿದರು. ಎರಡನೇ ಸಲ ಪರಿಶೀಲಿಸುತ್ತೇವೆ ಎಂದರು. ಮೂರನೇ ಸಲ ಗಡಿಯಾರ ನೋಡಿದರು. ನಾಲ್ಕನೇ ಸಲ ಅವರೇ ಕರೆದು ಕೋಣೆಯಲ್ಲಿ ಕೂರಿಸಿದರು.

"ನೋಡಿ ಅಕ್ಕ, ಮೇಲಿನ ಸರ್ಕಾರ ಒಂದು ಅನುದಾನ ಇಟ್ಟಿದೆ. ಇಲ್ಲಿ ಯಾರೂ ಗುಂಡಿಗಿಳಿಯಲ್ಲ ಅಂತ ಸಭೆ ಒಮ್ಮತದಿಂದ ಠರಾವು ಮಾಡ್ಬೇಕು. ಮಾಡಿದ್ರೆ ಮಕ್ಕಳ ಆಸ್ಪತ್ರೆ ಕಟ್ಟಬಹುದು. ಇನ್ನೂರು ಹಾಸಿಗೆ. ನಿಮ್ಮ ಮೊಮ್ಮಗಳಂಥ ಮಕ್ಕಳು ದಿನಾ ನನ್ನ ಮುಂದೆ ಉಸಿರಿಗೆ ಒದ್ದಾಡ್ತಾರೆ. ನನ್ನ ಇಪ್ಪತ್ತೈದು ವರ್ಷದ ಕನಸು ಅದು."

"ಆಸ್ಪತ್ರೆ ಬೇಡ ಅಂತ ಯಾರು ಅಂದ್ರು ಡಾಕ್ಟ್ರೇ? ಆದ್ರೆ ಇಳೀತಿದಾರಲ್ಲ."

"ನಿಲ್ಲುತ್ತೆ. ನಿಲ್ಲಿಸ್ತೀನಿ. ಮೊದಲು ಕಾಗದದಲ್ಲಿ ನಿಲ್ಲಲಿ, ಆಮೇಲೆ ನೆಲದಲ್ಲಿ ನಿಲ್ಲುತ್ತೆ. ನಾವು ಹೊರಗಿನಿಂದ ಬಂದವರು. ನಮಗೆ ಸ್ವಲ್ಪ ಸಮಯ ಬೇಡ್ವಾ?"

ಅವರ ಕಣ್ಣು ಕೆಂಪಾಗಿತ್ತು. ಸುಳ್ಳು ಹೇಳುವವರ ಕಣ್ಣಲ್ಲ ಅದು. ಹಗ್ಗದಕ್ಕ ತಲೆ ತಗ್ಗಿಸಿಕೊಂಡು ಬಂದಳು. ಠರಾವಿಗೆ ಕೈ ಎತ್ತುತ್ತೇನೆ ಎಂದೂ ಹೇಳಲಿಲ್ಲ, ಎತ್ತುವುದಿಲ್ಲ ಎಂದೂ ಹೇಳಲಿಲ್ಲ.

ಠರಾವಿನ ದಿನ ಬಂತು. ಬೆಳಿಗ್ಗೆ ಹನ್ನೊಂದಕ್ಕೆ ಮತ. ಮಧ್ಯಾಹ್ನ ಮೂರಕ್ಕೆ ಮೇಲಿನ ಸರ್ಕಾರದ ಸಮಿತಿ ಬರುವುದಿತ್ತು. ನಗರಸಭೆಯ ಮೆಟ್ಟಿಲಿಗೆ ಹೊಸ ಬಣ್ಣ, ಕಂಬಕ್ಕೆ ರಿಬ್ಬನ್ನು. ಹತ್ತು ಗಂಟೆಗೆ ನಗರಸಭೆಯ ಪಾಯಿಖಾನೆಗಳು ಒಟ್ಟಿಗೆ ಉಕ್ಕಿದವು. ನೀರು ಕಾರಿಡಾರಿಗೆ ಬಂತು. ಅಧ್ಯಕ್ಷರ ಕೋಣೆಯ ಬಾಗಿಲು ಮುಟ್ಟಿತು.

ಯಂತ್ರ ಕರೆಸಿದರು. ಕಟ್ಟಡದ ಹಿಂದಿನ ಸಂದಿಯ ಬಾಯಿಗೆ ಬಂದು ಯಂತ್ರ ನಿಂತಿತು. ಮುಂದೆ ಹೋಗಲಿಲ್ಲ. ಅರ್ಧ ಅಡಿ ಹೆಚ್ಚು ಅಗಲ. ಚಾಲಕ ಇಳಿದು ಬೀಡಿ ಹಚ್ಚಿದ. ಮೇಸ್ತ್ರಿ ಸೈಕಲ್ ತುಳಿದುಕೊಂಡು ಓಣಿಗೆ ಓಡಿದ.

ಇದ್ಯಾವುದೂ ಹಗ್ಗದಕ್ಕನಿಗೆ ಗೊತ್ತಿರಲಿಲ್ಲ. ಅವಳು ತನ್ನ ಕುರ್ಚಿಯಲ್ಲಿ ಕೂತಿದ್ದಳು. ಕಮಿಷನರ್ ಎದ್ದು ಠರಾವು ಓದುತ್ತಿದ್ದ. "ಈ ನಗರದಲ್ಲಿ ಯಾವ ವ್ಯಕ್ತಿಯೂ ಒಳಚರಂಡಿ ಗುಂಡಿಗೆ ಇಳಿಯುವುದಿಲ್ಲವೆಂದು ಈ ಸಭೆಯು ಹೆಮ್ಮೆಯಿಂದ..." ಹೊರಗೆ ಕಬ್ಬಿಣದ ಮುಚ್ಚಳ ಕಲ್ಲಿನ ಮೇಲೆ ಎಳೆದ ಸದ್ದಾಯಿತು. ಆ ಸದ್ದು ಅವಳಿಗೆ ಸಾವಿರ ಸದ್ದಿನ ನಡುವೆಯೂ ಗೊತ್ತು. ಕಿಟಕಿಯಿಂದ ಬಗ್ಗಿ ನೋಡಿದಳು.

ಕೆಳಗೆ ತಮ್ಮ. ಅಂಗಿ ಬಿಚ್ಚಿ ಗೋಡೆಗೆ ಹಾಕಿದ್ದ. ಸೊಂಟಕ್ಕೆ ಬಟ್ಟೆ ಸುತ್ತಿದ ಹಗ್ಗ. ಹಗ್ಗದ ಇನ್ನೊಂದು ತುದಿಯನ್ನು ಮೇಸ್ತ್ರಿ ಒಂದು ನೀರಿನ ಪೈಪಿಗೆ ಕಟ್ಟಿ, ಮೂಗು ಮುಚ್ಚಿಕೊಂಡು ದೂರ ನಿಂತಿದ್ದ. ಪೈಪಿಗೆ ಎಳೆತ ಅರ್ಥವಾಗುವುದಿಲ್ಲ. ತಮ್ಮನ ಭುಜ ಮುಳುಗಿತು. ತಲೆ ಮುಳುಗಿತು.

ಅವಳು ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. "ಕೂತ್ಕೊಳ್ಳಿ, ಮತಕ್ಕೆ ಹಾಕ್ತಿದಾರೆ" ಎಂದು ಮೇಡಮ್ಮು ಪಿಸುಗುಟ್ಟಿದರು. ಅವಳು ಆಗಲೇ ಮೆಟ್ಟಿಲ ಮೇಲಿದ್ದಳು.

ಸಂದಿಗೆ ಬಂದವಳೇ ಪೈಪಿನಿಂದ ಗಂಟು ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡಳು. ಕಾಲು ಅಗಲಿಸಿ ನಿಂತಳು. ಒಂದು ಎಳೆತ ಬಂತು. ಬಕೆಟ್ಟಿನ ಬೇರೆ ಹುರಿ ಜಗ್ಗಿ ಎತ್ತಿ ಸುರಿದಳು. ಇನ್ನೊಂದು ಬಂತು. ಸುರಿದಳು. ಸಭೆಗೆಂದು ಉಟ್ಟಿದ್ದ ಒಗೆದ ಬಟ್ಟೆಯ ಮೇಲೆಲ್ಲ ಕಪ್ಪು ಇಳಿಯಿತು.

ಐದು ನಿಮಿಷಕ್ಕೆ ಡಾಕ್ಟರು ಓಡಿ ಬಂದರು. ಒಮ್ಮತ ಅಂದರೆ ಎಲ್ಲರೂ ಇರಬೇಕು. ಒಂದು ಕೈ ಕಡಿಮೆ ಬಿದ್ದಿತ್ತು.

"ಅಕ್ಕ, ಎರಡೇ ನಿಮಿಷ. ಬಂದು ಕೈ ಎತ್ತಿ ಹೋಗಿಬಿಡಿ. ಅಷ್ಟೇ."

"ಕೈ ಎತ್ತಿದ್ರೆ ತಮ್ಮ ಬೀಳ್ತಾನೆ ಡಾಕ್ಟ್ರೇ."

"ಮೇಸ್ತ್ರಿ ಹಿಡೀತಾನೆ..."

"ಅವನು ಹುಟ್ಟಿದಾಗಿನಿಂದ ಮೂಗು ಬಿಟ್ಟು ಬೇರೇನೂ ಹಿಡಿದಿಲ್ಲ."

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಹಗ್ಗದಕ್ಕ ಕೇಳಿಸಿಕೊಳ್ಳುತ್ತಿರಲಿಲ್ಲ. ಹಗ್ಗ ಸುಮ್ಮನಾಗಿತ್ತು. ಒಂದಿಲ್ಲ, ಎರಡಿಲ್ಲ, ಮೂರಿಲ್ಲ. ಸತ್ತ ಹಾವಿನಂತೆ ತೂಗಿತು.

ಅವಳು ಎಳೆದಳು. ಬರಲಿಲ್ಲ. ಎಚ್ಚರ ತಪ್ಪಿದ ಮೈ ಎಚ್ಚರವಿದ್ದ ಮೈಗಿಂತ ಎರಡು ಪಟ್ಟು ಭಾರ.

"ಹಿಡಿ!" ಎಂದು ಕೂಗಿದಳು. ಅಧ್ಯಕ್ಷರನ್ನು ಏಕವಚನದಲ್ಲಿ ಕೂಗಿದಳು. "ಹಿಡಿಯೋ! ಎಳಿ!"

ಡಾಕ್ಟರು ಹಿಡಿದರು. ಎಳೆದರು. ಅವಳು ಬೆವರು ಸುರಿಸಿ ಎಳೆದಳು, ಅವರು ಅಳುತ್ತಾ ಎಳೆದರು. ಬಟ್ಟೆ ಸುತ್ತಿದ ಜಾಗ ಗುಂಡಿಯ ಅಂಚಿಗೆ ಉಜ್ಜಿತು. ಸೂಜಿ ಹಾಕಿದ್ದ ನೂಲು ಒಂದೊಂದಾಗಿ ಬಿಚ್ಚಿತು. ಎಳೆ ಎರಡು ಉಳಿದಾಗ ತಮ್ಮನ ತಲೆ ಮೇಲೆ ಬಂತು. ಕಂಕುಳಿಗೆ ಕೈ ಹಾಕಿ ಇಬ್ಬರೂ ಹೊರಗೆಳೆದರು.

ಮುಖವೆಲ್ಲ ಹೂಳು. ಉಸಿರಿಲ್ಲ. ಡಾಕ್ಟರು ಬೆರಳು ಹಾಕಿ ಅವನ ಬಾಯಿಯ ಹೂಳು ತೆಗೆದರು. ಎದೆ ಒತ್ತಿದರು. ಆಮೇಲೆ, ಇದನ್ನು ಹೇಳಲೇಬೇಕು, ತಮ್ಮದೇ ಬಾಯನ್ನು ಆ ಬಾಯಿಗಿಟ್ಟು ಊದಿದರು. ಮೇಸ್ತ್ರಿ ಮುಖ ತಿರುಗಿಸಿದ. ಮೂರನೇ ಉಸಿರಿಗೆ ತಮ್ಮ ಕಕ್ಕಿದ. ಬದುಕಿದ.

ಆಂಬುಲೆನ್ಸ್ ಬಂತು. ಚೀಟಿಯಲ್ಲಿ ಕಾರಣ ಬರೆಯಬೇಕಿತ್ತು. ಡಾಕ್ಟರ ಅಂಗೈ ಸುಲಿದು ರಕ್ತ ಬರುತ್ತಿತ್ತು. ಪೆನ್ನು ಜಾರುತ್ತಿತ್ತು. ಆದರೂ ತಾವೇ ಬರೆದು ಸಹಿ ಹಾಕಿದರು. ಹಗ್ಗದಕ್ಕ ಸದಸ್ಯೆಯಾದ ಮೇಲೆ ಅಕ್ಷರ ಕಲಿತವಳು. ಚೀಟಿ ಇಸಿದುಕೊಂಡು ನಿಧಾನಕ್ಕೆ ಓದಿದಳು.

"ದಾ-ರಿ-ಹೋ-ಕ. ಕಾಲು ಜಾರಿ ಬಿದ್ದದ್ದು."

ಡಾಕ್ಟರು ಅವಳ ಮುಖ ನೋಡಲಿಲ್ಲ. "ಇನ್ನೂರು ಹಾಸಿಗೆ, ಅಕ್ಕ" ಎಂದರು. ಹೇಳಿ ಒಳಗೆ ಹೋದರು.

ತಮ್ಮನಿಗೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಅವನ ಹೆಂಡತಿ ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಮೇಸ್ತ್ರಿ ಸುದ್ದಿ ತಂದ. ಠರಾವು ಆಯಿತಂತೆ. "ಹಾಜರಿದ್ದ ಸದಸ್ಯರ ಒಮ್ಮತದಿಂದ." ಕಮಿಷನರ್ ಹುಡುಕಿಕೊಟ್ಟ ಮಾತು. ಹಗ್ಗದಕ್ಕನ ಹೆಸರಿನ ಮುಂದೆ ಗೈರು ಎಂದು ಬರೆದಿದ್ದರು.

ಅವಳು ಮುಖ ತೊಳೆಯಲಿಲ್ಲ. ಬಟ್ಟೆ ಬದಲಿಸಲಿಲ್ಲ. ನಡೆದುಕೊಂಡೇ ನಗರಸಭೆಗೆ ಹೋದಳು. ಕಾವಲಿನವನು ಅಡ್ಡ ಬಂದ. "ಈ ವೇಷದಲ್ಲಿ ಒಳಗೆ ಬಿಡಲ್ಲ" ಎಂದ.

"ಇದು ವೇಷ ಅಲ್ಲಪ್ಪ. ಬೆಳಿಗ್ಗೆ ಹಾಕ್ಕೊಂಡು ಬಂದಿದ್ದೆನಲ್ಲ, ಅದು" ಎಂದಳು.

ಅವಳಿಂದ ಬರುತ್ತಿದ್ದ ವಾಸನೆಗೆ ಅವನು ತಾನಾಗಿಯೇ ಪಕ್ಕಕ್ಕೆ ಸರಿದ.

ಸಭಾಂಗಣದಲ್ಲಿ ಸಮಿತಿಯ ಮೂವರು ಕೂತಿದ್ದರು. ಡಾಕ್ಟರು ನಿಂತು ಮಾತಾಡುತ್ತಿದ್ದರು. ಬೇರೆ ಅಂಗಿ. ಎರಡೂ ಕೈಗೆ ಬಿಳಿ ಪಟ್ಟಿ. ಅವಳು ನಡುವಿನ ದಾರಿಯಲ್ಲಿ ನಡೆದು ಬಂದಳು. ಕಾಲಿನ ಗುರುತು ಹೊಸ ನೆಲಹಾಸಿನ ಮೇಲೆ ಒಂದೊಂದಾಗಿ ಬಿತ್ತು. ಹಿಂದಿನ ಸಾಲಿಗೆ ಹೋಗಲಿಲ್ಲ. ಮೂವರ ಎದುರೇ ನಿಂತಳು.

"ನಾನು ಹಾಜರಿದ್ದೇನೆ. ಗೈರು ಹೊಡೆದುಹಾಕಿ" ಎಂದಳು ಗುಮಾಸ್ತನಿಗೆ. ಆಮೇಲೆ ತಿರುಗಿ, ಮೆತ್ತಗೆ, ನಿಜವಾಗಿಯೂ ತಿಳಿಯಬೇಕು ಎನ್ನುವವಳಂತೆ ಕೇಳಿದಳು:

"ಡಾಕ್ಟ್ರೇ, ನಿಮ್ಮ ಕೈಗೇನಾಯ್ತು?"

ಸಮಿತಿಯ ಮೂವರೂ ಪಟ್ಟಿ ನೋಡಿದರು. ಡಾಕ್ಟರು ತಮ್ಮ ಕೈಗಳನ್ನು ತಾವೇ ಮೊದಲ ಸಲ ಕಾಣುವವರಂತೆ ನೋಡಿಕೊಂಡರು. ಕಮಿಷನರ್ ಪಕ್ಕದಿಂದ ಏನೋ ಹೇಳಿಕೊಟ್ಟ.

"ಬಾಗಿಲಿಗೆ ಸಿಕ್ಕಿತು" ಎಂದರು ಡಾಕ್ಟರು.

"ಎರಡೂ ಕೈಯಾ?"

ಹಗ್ಗದಕ್ಕ ತನ್ನ ಬಲಗೈ ಎತ್ತಿದಳು. ಮೊಣಕೈ ತನಕ ಕಪ್ಪು. "ನನ್ನ ಮತ ವಿರುದ್ಧ. ಬರ್ಕೊಳ್ಳಿ."

ಗುಮಾಸ್ತ ಕಮಿಷನರನ್ನು ನೋಡಿದ. ಕಮಿಷನರ್ ಮೊದಲ ಬಾರಿಗೆ "ಆಗ್ಲಿ" ಎನ್ನಲಿಲ್ಲ.

ಮರುದಿನ ಪತ್ರಿಕೆಗಳಲ್ಲಿ ಅವಳ ಚಿತ್ರ ಬಂತು. "ಮಕ್ಕಳ ಆಸ್ಪತ್ರೆಗೆ ಕಲ್ಲು ಹಾಕಿದ ಸದಸ್ಯೆ." ಒಮ್ಮತವಿಲ್ಲವೆಂದು ಸಮಿತಿ ಅನುದಾನ ತಡೆಹಿಡಿದಿತ್ತು. ಠರಾವು ಮಾತ್ರ ಹಾಗೇ ಉಳಿದಿತ್ತು. ಒಂದು ಮತ ವಿರುದ್ಧ, ಉಳಿದದ್ದೆಲ್ಲ ಪರ. ಹೊಸಬರ ಕೂಟ ಅವಳನ್ನು ಅಶಿಸ್ತಿಗಾಗಿ ಹೊರಹಾಕಿತು. ಹೊರಗಿನವರು ಅವಳನ್ನು ಹೊರಗೆ ಹಾಕಿದರು. ಓಣಿಯಲ್ಲೇ ಒಬ್ಬಳು, ಸೊಂಟದಲ್ಲಿ ಜ್ವರದ ಮಗು, ಅವಳೆದುರು ನೆಲಕ್ಕೆ ಉಗಿದಳು. ಹಗ್ಗದಕ್ಕನಿಗೆ ಮಗುವಿನ ಹಣೆ ಮುಟ್ಟಿ ನೋಡಬೇಕು ಅನಿಸಿತು. ಕೈ ಚಾಚಲಿಲ್ಲ.

ನಾಲ್ಕನೇ ದಿನ ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ. ಗಂಟಲು ಸುಟ್ಟು ದನಿ ಕುಗ್ಗಿತ್ತು. ಸಂಜೆ ಹನ್ನೆರಡು ಜನ ಅಂಗಳದಲ್ಲಿ ಕೂತರು.

"ಹಗ್ಗ ಕೊಡೋವರೆಗೆ ಯಾರೂ ಇಳಿಯೋದು ಬೇಡ" ಎಂದಳು ಹಗ್ಗದಕ್ಕ. "ಹಗ್ಗ, ಮುಖವಾಡ, ಬೂಟು. ಇಳಿದವನ ಹೆಸರು ಪುಸ್ತಕದಲ್ಲಿ."

"ಕೆಲಸದಿಂದ ತೆಗೆದುಬಿಟ್ರೆ?" ಎಂದ ಒಬ್ಬ.

ಮೂಲೆಯಲ್ಲಿ ತಮ್ಮನ ಹೆಂಡತಿ ಬಟ್ಟೆ ಹಿಂಡುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ನೀವು ಇಲ್ಲವೇ ಇಲ್ಲ ಅಂತ ಅವರೇ ಕೈ ಎತ್ತಿದಾರೆ. ಇಲ್ಲದವರನ್ನ ಯಾವ ಕೆಲಸದಿಂದ ತೆಗೀತಾರೆ?"

ಅವ್ವ ಕೇಕೆ ಹಾಕಿ ನಕ್ಕಳು. ಹಲ್ಲಿಲ್ಲದ ಬಾಯಿ ಮುಚ್ಚಲಾಗದಷ್ಟು ನಕ್ಕಳು.

ಇಳಿಯುವುದು ನಿಂತ ಮೊದಲ ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ಮಾರುಕಟ್ಟೆಯ ಹಿಂದೆ ಉಕ್ಕಿತು. ಐದನೇ ದಿನ ಕೋರ್ಟು, ಬ್ಯಾಂಕು, ದೊಡ್ಡ ಮನೆಗಳ ಬೀದಿ. ಮೇಸ್ತ್ರಿ ಬಂದು ಬೆದರಿಸಿದ, ಆಮೇಲೆ ಕಾಲು ಹಿಡಿದ. ಆರನೇ ದಿನ ಒಬ್ಬ ಅಧಿಕಾರಿ ನೋಟೀಸು ತಂದ. ಕೆಲಸಕ್ಕೆ ಹಾಜರಾಗದವರ ಮೇಲೆ ಕಠಿಣ ಕ್ರಮ. ಮೇಲೆ ಹೆಸರಿನ ಜಾಗ ಖಾಲಿ.

"ಯಾರಿಗೆ ಸ್ವಾಮಿ ಇದು?" ಎಂದಳು ಹಗ್ಗದಕ್ಕ.

"ಗುಂಡಿ ಇಳಿಯೋರಿಗೆ."

"ಹಾಗಂತ ಬರೆದು, ಸೀಲು ಹಾಕಿ ಕೊಡಿ. ಈಗಲೇ ಇಳೀತಾರೆ."

ಅವನು ಪೆನ್ನು ತೆಗೆದ. ಯೋಚಿಸಿದ. ಪೆನ್ನು ಜೇಬಿಗಿಟ್ಟುಕೊಂಡು ನೋಟೀಸು ಮಡಚಿದ.

ಎಂಟನೇ ದಿನ ಡಾಕ್ಟರು ಬಂದರು. ಕಾರು ಓಣಿಗೆ ಬರಲಿಲ್ಲ, ನಡೆದು ಬಂದರು. ಪಟ್ಟಿ ಬಿಚ್ಚಿದ್ದರು. ಅಂಗೈಯಲ್ಲಿ ಹೊಸ ಚರ್ಮ, ನಸುಗೆಂಪು. ತಮ್ಮನ ಎದೆಗೆ ಸ್ಟೆತಸ್ಕೋಪು ಇಟ್ಟು ನೋಡಿದರು. ಔಷಧಿ ಬರೆದುಕೊಟ್ಟರು. ಆಮೇಲೆ ಹೊಸ್ತಿಲ ಮೇಲೆ ಕೂತರು.

"ಊರು ನಾರ್ತಿದೆ ಅಕ್ಕ."

"ಊರು ಮೊದಲಿನಿಂದ ನಾರ್ತಿತ್ತು ಡಾಕ್ಟ್ರೇ. ಮೂಗಿಗೆ ಈಗ ಬಂತು."

"ಏನು ಮಾಡ್ಲಿ ಹೇಳಿ."

"ಅವತ್ತು ನೀವು ಎಳೆದಿರಿ. ಎಳೆದೆ ಅಂತ ಬರೀರಿ."

ಡಾಕ್ಟರು ಎದ್ದು ಬಂದ ದಾರಿಯಲ್ಲೇ ನಡೆದು ಹೋದರು. ಬರೆಯುತ್ತೇನೆ ಎನ್ನಲಿಲ್ಲ. ಬರೆಯಲಿಲ್ಲ. ಆದರೆ ಹತ್ತನೇ ದಿನ ಆದೇಶ ಹೊರಟಿತು. ಸಭೆಯು ತನ್ನ ಔದಾರ್ಯದಿಂದ, ಎಂದೂ ಗುಂಡಿಗೆ ಇಳಿಯದ ಹನ್ನೆರಡು ಮಂದಿಗೆ, ಒಂದು ವೇಳೆ ಇಳಿಯಬೇಕಾಗಿ ಬಂದರೆ ಎಂದು ಹಗ್ಗ, ಬೂಟು, ಮುಖವಾಡ ಮಂಜೂರು ಮಾಡಿತ್ತು. ಕಮಿಷನರ್ ಬರೆದ ವಾಕ್ಯ ಅಂತ ಓಣಿಯ ಮಕ್ಕಳೂ ಹೇಳುತ್ತಿದ್ದರು.

ಹನ್ನೊಂದನೇ ದಿನ ಬೆಳಿಗ್ಗೆ ಸಾಮಾನಿನ ಗಾಡಿ ಬಂತು. ಜೊತೆಗೆ ಮೇಸ್ತ್ರಿ, ಕಾಲೇಜಿನ ಮೇಡಮ್ಮು, ಫೋಟೋದವನು. ಹಗ್ಗಕ್ಕೆ ನೀಲಿ ರಿಬ್ಬನ್ನು ಕಟ್ಟಿದ್ದರು. ಮೇಡಮ್ಮು ಅದನ್ನು ಎರಡೂ ಕೈಯಲ್ಲಿ ಹಗ್ಗದಕ್ಕನ ಕೈಗಿಟ್ಟರು. "ಸ್ವಲ್ಪ ನಗಿ" ಎಂದ ಫೋಟೋದವನು.

ಹಗ್ಗದಕ್ಕ ರಿಬ್ಬನ್ನು ಬಿಚ್ಚಿದಳು. ಹಗ್ಗದ ಒಂದು ತುದಿಯನ್ನು ಗಾಡಿಯ ಚಕ್ರಕ್ಕೆ ಕಟ್ಟಿದಳು. ಇನ್ನೊಂದನ್ನು ಮುಂಗೈಗೆ ಸುತ್ತಿ, ಕಾಲು ಅಗಲಿಸಿ, ಮೈಯೆಲ್ಲ ಹಾಕಿ ಒಂದು ಸಲ ಜಗ್ಗಿದಳು. ಹಗ್ಗ ಪಟ್ ಎಂದು ನಡುವೆ ಹರಿಯಿತು. ಹೊರಗೆ ಹೊಸ ನೂಲು, ಒಳಗೆಲ್ಲ ಹಳೆಯ ಕೊಳೆತ ನಾರು.

ಮೇಡಮ್ಮು ಬೆಚ್ಚಿದರು. ಮೇಸ್ತ್ರಿ ಆಕಾಶ ನೋಡಿದ.

ಅವಳು ಎರಡು ತುಂಡನ್ನೂ ಒಪ್ಪವಾಗಿ ಸುತ್ತಿ ಗಾಡಿಗೆ ಹಾಕಿದಳು.

"ಬೇರೆ ತನ್ನಿ" ಎಂದಳು.

ಹನ್ನೊಂದನೇ ದಿನವೂ ಆ ಊರಲ್ಲಿ ಯಾರೂ ಗುಂಡಿಗೆ ಇಳಿಯಲಿಲ್ಲ.